ಕಳಪೆ ಕಾಮಗಾರಿ ನಮ್ಮ ಮನೆಗೇ ಬಂದಾಗ

'ಕಳಪೆ ಕಾಮಗಾರಿ: ಗ್ರಾಮಸ್ಥರ ಆಕ್ರೋಶ'. ಈ ಶೀರ್ಷಿಕೆಯನ್ನು ಹನ್ನೊಂದು ವರ್ಷದಲ್ಲಿ ಎಷ್ಟು ಸಲ ಟೈಪ್ ಮಾಡಿದ್ದೇವೋ ಲೆಕ್ಕ ಇಟ್ಟಿಲ್ಲ. ಚರಂಡಿ, ಕಾಂಕ್ರೀಟ್ ರಸ್ತೆ, ಅಂಗನವಾಡಿಯ ನೆಲ, ಬಸ್ ತಂಗುದಾಣದ ಚಾವಣಿ, ಎಲ್ಲಕ್ಕೂ ಅದೇ ಶೀರ್ಷಿಕೆ, ಅದೇ ನಾಲ್ಕು ಪ್ಯಾರಾ. ಮೊದಲ ಪ್ಯಾರಾದಲ್ಲಿ ಆರೋಪ, ಎರಡನೆಯದರಲ್ಲಿ ಸ್ಥಳೀಯರ ಹೇಳಿಕೆ, ಮೂರನೆಯದರಲ್ಲಿ ಎಂಜಿನಿಯರ್ ಫೋನ್ ತೆಗೆಯಲಿಲ್ಲ, ಕೊನೆಯಲ್ಲಿ 'ಸಂಬಂಧಪಟ್ಟವರು ಇನ್ನಾದರೂ ಗಮನಹರಿಸುವರೇ ಕಾದು ನೋಡಬೇಕಿದೆ'. ಬರೆದು ಕಳಿಸಿದ ಮೇಲೆ ಕಾದು ನೋಡಿದವರು ನಾವಂತೂ ಅಲ್ಲ.

ಹೋದ ವರ್ಷ ಮೇ ತಿಂಗಳಲ್ಲಿ ಅದೇ ಕಳಪೆ ಕಾಮಗಾರಿ ಗುಂಡ್ಲುಪೇಟೆಯ ನಮ್ಮ ಮನೆಯ ನಡುಕೋಣೆಯಲ್ಲಿ ಎದ್ದು ನಿಂತಿತು. ಎದ್ದು ನಿಂತಿತು ಅನ್ನುವುದು ಅಲಂಕಾರವಲ್ಲ. ನೆಲ ನಿಜವಾಗಿಯೂ ಎದ್ದಿತ್ತು. ಅವ್ವ ಬಾಗಿಲಲ್ಲಿ ನಿಂತು ನೋಡಿ, 'ಇದೇನ್ ಮಗಾ, ನೆಲ ಬಸ್ರಿ ಆದಂಗದಲ್ಲ' ಅಂದಳು.

ಕಥೆಯನ್ನು ಮೊದಲಿನಿಂದ ಹೇಳಬೇಕು. ನಾವು ಕಟ್ಟಿಸಿದ್ದು ಸಣ್ಣ ಮನೆ. ಸಾಲ ಬ್ಯಾಂಕಿನದು, ಒಂದಿಷ್ಟು ಕೈಗಡ, ಉಳಿದದ್ದು ಮನೆಯವರ ಒಡವೆ. ಹಾಲ್ ಮತ್ತು ಅಡುಗೆ ಮನೆಗೆ ಕಲ್ಲು ಹಾಕಿಸಿದೆವು. ಚಾಮರಾಜನಗರದ ಕರಿಕಲ್ಲು ಅಂದರೆ ಹೊರದೇಶದವರೂ ಹುಡುಕಿಕೊಂಡು ಬರುವ ಕಲ್ಲು. ಆ ಕಲ್ಲಿನ ಜಿಲ್ಲೆಯಲ್ಲಿ ಕೂತು ಯಾರಾದರೂ ಮರದ ನೆಲ ಹಾಕಿಸುತ್ತಾರಾ ಅಂತ ನೀವು ಕೇಳಬಹುದು. ನೆಂಟರೂ ಕೇಳಿದರು. ಕಾರಣ ಅವ್ವನ ಮಂಡಿ. ಚಳಿಗಾಲದಲ್ಲಿ ಕಲ್ಲಿನ ಮೇಲೆ ಕಾಲಿಟ್ಟರೆ ಮಂಡಿಯವರೆಗೆ ಜುಂ ಅನ್ನುತ್ತೆ ಅನ್ನುತ್ತಿದ್ದಳು. ಇನ್ನೊಂದು ಕಾರಣವನ್ನೂ ಮುಚ್ಚಿಡುವುದಿಲ್ಲ. ಬಂಡೀಪುರದ ಸುತ್ತಲಿನ ರೆಸಾರ್ಟುಗಳಿಗೆ ಪತ್ರಿಕಾಗೋಷ್ಠಿಗೆ ಹೋದಾಗಲೆಲ್ಲ ಆ ಜೇನು ಬಣ್ಣದ ನೆಲ ನೋಡಿ ಆಸೆಪಟ್ಟಿದ್ದೆವು. ಹೀಗಾಗಿ ಅವ್ವನ ಕೋಣೆ ಮತ್ತು ನಡುಕೋಣೆ ಎರಡಕ್ಕೆ 'ವುಡನ್ ಫ್ಲೋರಿಂಗ್' ಅಂತ ತೀರ್ಮಾನವಾಯಿತು. 260 ಚದರ ಅಡಿ, ಅಡಿಗೆ 145 ರೂಪಾಯಿ, ಸ್ಕರ್ಟಿಂಗ್ ಮತ್ತು ಬಾಗಿಲ ಪಟ್ಟಿ ಸೇರಿ 42 ಸಾವಿರ. ಬೆಂಗಳೂರಿನವರಿಗೆ ಇದು ದೊಡ್ಡ ಮೊತ್ತ ಅಲ್ಲದಿರಬಹುದು. ಸುದ್ದಿಗಿಷ್ಟು, ಫೋಟೊಗಿಷ್ಟು ಅಂತ ಎಣಿಸಿ ತೆಗೆದುಕೊಳ್ಳುವ ಜಿಲ್ಲೆಯ ಬಿಡಿ ಸುದ್ದಿಗಾರರಿಗೆ 42 ಸಾವಿರ ಎಷ್ಟು ತಿಂಗಳು ಅನ್ನುವುದು ಇಲ್ಲಿ ಬರೆಯುವ, ಓದುವ ಎಲ್ಲರಿಗೂ ಗೊತ್ತಿದೆ.

ಹೆಸರು ಮರದ ನೆಲ. ಅದು ಮರ ಅಲ್ಲ. ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಎಚ್‌ಡಿಎಫ್ ಹಲಗೆ, 8 ಮಿಲಿಮೀಟರ್ ದಪ್ಪ. ಮೇಲೆ ಕಾಣುವ ತೇಗದ ಗೆರೆ ಒಂದು ಮುದ್ರಿತ ಕಾಗದ, ಅದರ ಮೇಲೆ ಗೀರು ಬೀಳದ ಹಾಗೆ ಒಂದು ಲೇಪ. ಅಂದರೆ ನಾವು ಕೊಂಡದ್ದು ಮರದ ಫೋಟೊ. ಅದರಲ್ಲಿ ಮೋಸವೇನಿಲ್ಲ, ಸರಿಯಾಗಿ ಹಾಕಿದರೆ ಹತ್ತು ಹದಿನೈದು ವರ್ಷ ಬಾಳುವ ಮಾಲೇ ಅದು. ಆದರೆ ಮರದ ಒಂದು ಗುಣವನ್ನು ಅದು ಬಿಟ್ಟಿಲ್ಲ. ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಒಣಹವೆಗೆ ಕುಗ್ಗುತ್ತದೆ. ಹಳ್ಳಿಯ ಮನೆಯ ಬಾಗಿಲು ಬೇಸಿಗೆಯಲ್ಲಿ ಸಲೀಸಾಗಿ ಹಾಕಿಕೊಂಡು, ಮಳೆಗಾಲದಲ್ಲಿ ಒದ್ದರೂ ಮುಚ್ಚದೆ ಇರುವುದನ್ನು ನೋಡಿ ಬೆಳೆದವರು ನಾವು. ಅದೇ ಲೆಕ್ಕ ಇಲ್ಲಿಯೂ. ಅದಕ್ಕೇ ಗೋಡೆ ಮತ್ತು ಹಲಗೆಯ ನಡುವೆ ಸುತ್ತಲೂ ಸಾಮಾನ್ಯವಾಗಿ 8ರಿಂದ 10 ಮಿಲಿಮೀಟರ್ ಜಾಗ ಬಿಡಬೇಕು ಅಂತ ಪೆಟ್ಟಿಗೆಯೊಳಗಿನ ಕಾಗದದಲ್ಲೇ ಚಿತ್ರ ಸಮೇತ ಅಚ್ಚಾಗಿರುತ್ತದೆ. ಆ ಜಾಗವನ್ನು ಮುಚ್ಚುವುದಕ್ಕೇ ಸ್ಕರ್ಟಿಂಗ್ ಇರುವುದು. ಸ್ಕರ್ಟಿಂಗ್ ಅಂದಕ್ಕಲ್ಲ ಅನ್ನುವುದು ನಮಗೆ ತಿಳಿದದ್ದು ದುಡ್ಡು ಹೋದ ಮೇಲೆ.

ನಮ್ಮ ಮನೆಗೆ ಹಲಗೆ ಬಂದದ್ದು ಮಾರ್ಚ್ ಕೊನೆಯಲ್ಲಿ. ಇಡೀ ವರ್ಷದಲ್ಲಿ ನಮ್ಮ ಕಡೆಯ ಗಾಳಿ ಅತ್ಯಂತ ಒಣಗಿರುವ ಹೊತ್ತು. ಬೆಳಿಗ್ಗೆ ಎಂಟಕ್ಕೆ ಗೂಡ್ಸ್ ಆಟೋದಲ್ಲಿ ಪೆಟ್ಟಿಗೆಗಳು ಇಳಿದವು, ಒಂಬತ್ತಕ್ಕೆ ಇಬ್ಬರು ಹುಡುಗರು ಬಂದರು. ಗೂಡಲೂರು ಕಡೆಯವರು, ಕನ್ನಡ, ತಮಿಳು, ಮಲಯಾಳ ಮೂರನ್ನೂ ಕಲಸಿ ಮಾತಾಡುವವರು. ಪೆಟ್ಟಿಗೆಗಳನ್ನು ಹಾಕುವ ಕೋಣೆಯಲ್ಲೇ ಎರಡು ದಿನ ಇಟ್ಟು ಅಲ್ಲಿನ ಹವೆಗೆ ಹೊಂದಿಸಬೇಕು ಅನ್ನುವುದು ನಿಯಮ. ನಮ್ಮಲ್ಲಿ ಒಂದು ಗಂಟೆ ಇಟ್ಟರು. ಮರುದಿನ ಅವರಿಗೆ ಬತ್ತೇರಿಯಲ್ಲಿ ಕೆಲಸವಿತ್ತು. 2009ರಿಂದ ರಾತ್ರಿ ಒಂಬತ್ತರ ಮೇಲೆ ಬಂಡೀಪುರದ ಕಾಡಿನ ದಾರಿಯಲ್ಲಿ ವಾಹನ ಬಿಡುವುದಿಲ್ಲವಲ್ಲ, ಗೇಟು ಬೀಳುವುದರೊಳಗೆ ಅವರು ದಾಟಬೇಕಿತ್ತು. ಸಂಜೆ ಏಳೂವರೆಗೆ ಎರಡೂ ಕೋಣೆ ಮುಗಿದಿತ್ತು. ಅವರ ಚುರುಕು ನೋಡಿ ನಾವೇ ಮೆಚ್ಚಿ ಇನ್ನೂರು ರೂಪಾಯಿ ಕಾಫಿಗೆ ಅಂತ ಕೊಟ್ಟೆವು! ಆ ಇನ್ನೂರನ್ನು ನೆನೆದಾಗ ಈಗಲೂ ನಗು ಬರುತ್ತದೆ.

ಏಪ್ರಿಲ್ ಪೂರ್ತಿ ನೆಲ ಚೆನ್ನಾಗಿತ್ತು. ಬಂದವರೆಲ್ಲ ಚಪ್ಪಲಿ ಆಚೆಯೇ ಬಿಟ್ಟು, ಕಾಲಲ್ಲಿ ಸವರಿ ನೋಡಿ ಹೋದರು. ಅಲ್ಲಲ್ಲಿ ಕಾಲಿಟ್ಟರೆ ಟೊಳ್ಳು ಸದ್ದು ಬರುತ್ತಿತ್ತು, ಹೊಸತು ಕೂರಬೇಕು ಅಂದುಕೊಂಡೆವು. ನಮ್ಮ ಜಿಲ್ಲೆಗೆ ಮಳೆ ಜೋರಾಗುವುದು ಎರಡು ಸಲ, ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್ ಅಕ್ಟೋಬರ್‌ನಲ್ಲೊಮ್ಮೆ. ಮೇನ ಎರಡನೇ ವಾರ ನಾಲ್ಕು ದಿನ ಬಿಡದೆ ಹೊಡೆಯಿತು. ಐದನೇ ದಿನ ನಡುಕೋಣೆಯ ಮಧ್ಯದ ಹಲಗೆಗಳು ಒಂದನ್ನೊಂದು ತಳ್ಳಿಕೊಂಡು ಮೇಲೆದ್ದಿದ್ದವು. ಅಡ್ಡ ಸಂದುಗಳ ಅಂಚು ಹಪ್ಪಳದ ಅಂಚಿನ ಹಾಗೆ ಉಬ್ಬಿತ್ತು. ಅದರ ಮರುವಾರ ರಾತ್ರಿ ಬಚ್ಚಲಿಗೆ ಎದ್ದ ಅವ್ವ ಆ ಉಬ್ಬಿಗೆ ಎಡವಿ ಬಿದ್ದಳು. ಮೂಳೆ ಮುರಿಯಲಿಲ್ಲ, ಎಡಗೈ ಮಣಿಕಟ್ಟು ಊದಿ ಮೂರು ವಾರ ಪಟ್ಟಿ. ಅವತ್ತಿನಿಂದ ಅವಳು ಹಾಲ್‌ನ ಕರಿಕಲ್ಲಿನ ಮೇಲೆ ಚಾಪೆ ಹಾಸಿಕೊಳ್ಳತೊಡಗಿದಳು. ಯಾರ ಮಂಡಿಗೆ ಅಂತ ಇಷ್ಟೆಲ್ಲ ಮಾಡಿದೆವೋ ಅವರು ಮತ್ತೆ ಕಲ್ಲಿಗೇ ಹೋದರು.

ಅಂಗಡಿಗೆ ಫೋನ್ ಮಾಡಿದೆವು. ಮಾಲೀಕರು ಬಂದು ನೋಡಿದರು. ಅವರು ಹೇಳಿದ ಮೊದಲ ಮಾತು, 'ನೀರು ಉಯ್ದು ತೊಳ್ದಿದ್ದೀರ ಸಾ'. ತೊಳೆದಿರಲಿಲ್ಲ, ಹಿಂಡಿದ ಬಟ್ಟೆಯಲ್ಲಿ ಒರೆಸಿದ್ದೆವು ಅಷ್ಟೆ. ಎರಡನೇ ಮಾತು, ಹಲಗೆಗೆ ಕಂಪನಿಯ ಹತ್ತು ವರ್ಷದ ಗ್ಯಾರಂಟಿ ಇದೆ, ಆದರೆ ಅದು ಹಲಗೆಗೆ ಮಾತ್ರ, ಹಾಕಿದ್ದಕ್ಕಲ್ಲ. ಮೂರನೇ ಮಾತು, ಹಾಕಿದ ಹುಡುಗರು ನಮ್ಮ ಕೆಲಸದವರಲ್ಲ, ಹೊರಗಿನವರು. ಕಂಪನಿಗೆ ಫೋನ್ ಮಾಡಿದರೆ ಅಂಗಡಿಯವರನ್ನು ಕೇಳಿ ಅಂದರು. ಹೀಗೆ ಮೂವರೂ ಒಬ್ಬರ ಬೆನ್ನ ಹಿಂದೆ ಒಬ್ಬರು ನಿಂತು, ಮುಂದೆ ಯಾರೂ ಇಲ್ಲದ ಹಾಗಾಯಿತು.

ಆಗ ಸಹೋದ್ಯೋಗಿ ಮಿತ್ರರೊಬ್ಬರು ಕೊಟ್ಟ ಸಲಹೆ ತುಂಬ ಸರಳವಾಗಿತ್ತು. 'ಒಂದು ಫೋನ್ ಮಾಡಿ, ನಾಳೆ ಪೇಪರ್ನಲ್ಲಿ ಬತ್ತದೆ ಅನ್ನಿ. ಸಂಜೆಗೇ ನೆಲ ಕಿತ್ತು ಹೊಸ್ದು ಹಾಕ್ಕೊಡ್ತನೆ.' ಹಾಕಿಕೊಡುತ್ತಿದ್ದರು, ಅನುಮಾನವಿಲ್ಲ. ಹಾಗೆ ಹಾಕಿಸಿಕೊಂಡವರು ನಮ್ಮ ನಡುವೆ ಇದ್ದಾರೆ. ನೆಲ ಮಾತ್ರವಲ್ಲ, ಇನ್ನೂ ಏನೇನೋ.

ನಾವು ಮಾಡಲಿಲ್ಲ. ಇದನ್ನು ಹೆಗ್ಗಳಿಕೆಗೆ ಹೇಳುತ್ತಿಲ್ಲ, ಯಾಕಂದರೆ ಎರಡು ದಿನ ಮಾಡುವುದೇ ಸರಿ ಅಂದುಕೊಂಡಿದ್ದೆವು. ತಡೆದದ್ದು ನೀತಿಗಿಂತ ಹೆಚ್ಚಾಗಿ ನಮ್ಮದೇ ಎರಡು ಕಟ್ಟು. ಒಂದು, ಆ ಅಂಗಡಿ ಪ್ರತಿ ದೀಪಾವಳಿಗೆ ನಮ್ಮ ಮೂಲಕವೇ ಪತ್ರಿಕೆಗೆ ಜಾಹೀರಾತು ಕೊಡುತ್ತದೆ. ಅದರ ಕಮಿಷನ್ ನಮ್ಮ ವರಮಾನದ ಭಾಗ. ಜಾಹೀರಾತು ಕೇಳಲು ಹೋಗುವ ಬಾಯಲ್ಲೇ ಬೆದರಿಕೆ ಹಾಕಿದರೆ, ಮುಂದಿನ ವರ್ಷ ಆ ಜಾಹೀರಾತು ಜಾಹೀರಾತಾಗಿರುವುದಿಲ್ಲ, ಮಾಮೂಲಾಗುತ್ತದೆ. ಎರಡು, ನಮ್ಮ ಕೈಯಲ್ಲಿ ಸರಿಯಾದ ಬಿಲ್ ಇರಲಿಲ್ಲ. 'ಜಿಎಸ್‌ಟಿ ಉಳೀತದೆ ಸಾ' ಅಂದಾಗ ತಲೆಯಾಡಿಸಿ ಬಿಳಿ ಚೀಟಿಯ ಮೇಲೆ ಬರೆದ ಎಸ್ಟಿಮೇಟ್ ತೆಗೆದುಕೊಂಡು ಬಂದಿದ್ದೆವು. ಅಕ್ರಮ ಗಣಿಯಿಂದ ಸರ್ಕಾರಕ್ಕೆ ರಾಜಧನ ನಷ್ಟ ಅಂತ ಬರೆಯುವವರು ನಾವೇ, ಕಚ್ಚಾ ಬಿಲ್ಲಿಗೆ ಒಪ್ಪಿದವರೂ ನಾವೇ.

ಪ್ರೆಸ್ ಕಾರ್ಡಿನ ದಾರಿಯ ಬಗ್ಗೆ ಇನ್ನೊಂದು ಮಾತು ಹೇಳಬೇಕು. ನಮ್ಮ ಬೀದಿಯಲ್ಲೇ ಇನ್ನೊಂದು ಮನೆಗೂ ಅದೇ ಅಂಗಡಿಯ ನೆಲ ಹಾಕಿದ್ದಾರೆ, ಅಲ್ಲೂ ಎದ್ದಿದೆ. ಅವರು ಹೂವಿನ ವ್ಯಾಪಾರದವರು. ಪತ್ರಕರ್ತರ ಮನೆ ಅಂತ ನಮ್ಮದನ್ನು ಸರಿಮಾಡಿ ಅವರದನ್ನು ಹಾಗೇ ಬಿಟ್ಟರೆ, ಅಂಗಡಿಯವರು ಕಲಿಯುವ ಪಾಠ ಏನು? ನೆಲ ಸರಿಯಾಗಿ ಹಾಕಬೇಕು ಅಂತಲ್ಲ, ಯಾರ ಮನೆ ಅಂತ ಮೊದಲೇ ವಿಚಾರಿಸಿಕೊಳ್ಳಬೇಕು ಅಂತ.

ಹಾಗಾಗಿ ಮೊದಲ ಸಲ, ವರದಿಗಾರರಾಗಿ ಮಾಡಬೇಕಾದ ಕೆಲಸವನ್ನು ಮನೆಯ ಯಜಮಾನರಾಗಿ ಮಾಡಿದೆವು. ಏನು ಕಳಪೆ, ಎಲ್ಲಿ ಕಳಪೆ ಅಂತ ಹುಡುಕಿದೆವು. ಬೀದಿಯ ಕೊನೆಯ ಹಿರಿಯ ಆಚಾರಿಯೊಬ್ಬರನ್ನು ಕರೆತಂದೆವು. ಅವರು ಹಳೆಯ ತೊಟ್ಟಿಮನೆಗಳ ಅಟ್ಟಕ್ಕೆ ಹೊನ್ನೆ, ಮತ್ತಿ ಹಲಗೆ ಜೋಡಿಸಿದವರು. ಈ ಕ್ಲಿಕ್ ಹಲಗೆ ಕಂಡರೆ ಅವರಿಗೆ ಆಗದು. ಆದರೂ ಮೂಲೆಯ ಸ್ಕರ್ಟಿಂಗ್ ಕಿತ್ತು ಬೆರಳು ತೂರಿಸಲು ನೋಡಿದರು. ಬೆರಳಿರಲಿ, ಪೋಸ್ಟ್‌ಕಾರ್ಡ್ ಕೂಡ ತೂರಲಿಲ್ಲ. 'ಗೋಡೆಗೆ ಬಿಗ್ದವ್ರೆ. ಉಬ್ಬಕ್ಕೆ ಜಾಗ ಎಲ್ಲದೆ? ಮರ ಸತ್ತ ಮ್ಯಾಲೂ ನೀರ ಕುಡೀತದೆ ಕನ ಸಾ' ಅಂದರು. ರಸಮಟ್ಟ ಇಟ್ಟು, ಮಟ್ಟಗೋಲು ಎಳೆದರು. ಎರಡು ಮೀಟರಿಗೆ ಹೆಚ್ಚೆಂದರೆ 3 ಮಿಲಿಮೀಟರ್ ಏರಿಳಿತ ಇರಬಹುದಾದ ಕಡೆ ಕೆಳಗಿನ ಸಿಮೆಂಟ್ ನೆಲ ಒಂದು ಬೆರಳಿನಷ್ಟು ತಗ್ಗಿತ್ತು. ಟೊಳ್ಳು ಸದ್ದಿಗೆ ಕಾರಣ ಅದು.

ಒಂದು ಹಲಗೆ ಎಬ್ಬಿಸಿ ನೋಡಿದಾಗ ಇನ್ನೊಂದು ಕಂಡಿತು. ಫೋಮ್ ಹಾಸು ಇತ್ತು, ಅದರ ಕೆಳಗೆ ಪಾಲಿಥಿನ್ ಹಾಳೆ ಇರಲಿಲ್ಲ. ನಮ್ಮದು ನೆಲಮನೆ, ಸಿಮೆಂಟ್ ನೆಲ ಹಾಕಿ ಒಂದು ತಿಂಗಳೂ ತುಂಬಿರಲಿಲ್ಲ. ಕ್ಯೂರಿಂಗಿಗೆ 28 ದಿನ ಅಂತ ಮೇಸ್ತ್ರಿಗಳು ಹೇಳುವುದು ಕಾಂಕ್ರೀಟ್ ಗಟ್ಟಿಯಾಗಲು. ಒಳಗಿನ ನೀರು ಆರಲು ಅದಕ್ಕಿಂತ ಬಹಳ ಹೆಚ್ಚು ಕಾಲ ಬೇಕು. ಒಣಗಿದೆಯೋ ಇಲ್ಲವೋ ನೋಡಲು ಯಂತ್ರವೇ ಬೇಕೆಂದಿಲ್ಲ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲಿಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ, ಒಂದು ದಿನ ಬಿಟ್ಟು ತೆಗೆಯಬೇಕು. ಹಾಳೆಯ ಒಳಮೈ ಬೆವರಿದ್ದರೆ ಅಥವಾ ಸಿಮೆಂಟ್ ಕಪ್ಪಾಗಿದ್ದರೆ ಇನ್ನೂ ಕಾಯಬೇಕು. ಹಾಲಿನ ಪ್ಯಾಕೆಟ್ ಸೀಳಿದರೂ ಅರ್ಧ ಕೆಲಸ ಆಗುವ ಪರೀಕ್ಷೆ! ಇದನ್ನು ಅಂಗಡಿಯವರೂ ಮಾಡಲಿಲ್ಲ, ನಮ್ಮ ಮೇಸ್ತ್ರಿಯೂ ಹೇಳಲಿಲ್ಲ, ಗೃಹಪ್ರವೇಶದ ಮುಹೂರ್ತ ಹತ್ತಿರ ಬಂತು ಅಂತ ಅವಸರ ಮಾಡಿದ ನಾವೂ ಕೇಳಲಿಲ್ಲ.

ಇಷ್ಟಾದ ಮೇಲೆ ಬಿಲ್ ಚೀಟಿಯ ಹಿಂದೆ ಬರೆದಿದ್ದ ನಂಬರಿಗೆ ಫೋನ್ ಮಾಡಿ ಆ ಇಬ್ಬರು ಹುಡುಗರಲ್ಲಿ ಒಬ್ಬನನ್ನು ಹಿಡಿದೆವು. ಬೈಯುವ ತಯಾರಿಯಲ್ಲೇ ಇದ್ದೆವು. ಅವನು ಹೇಳಿದ್ದು ಕೇಳಿ ಸುಮ್ಮನಾದೆವು. ಗೋಡೆ ಪಕ್ಕ ಜಾಗ ಬಿಡಬೇಕು ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅಂಗಡಿಯವರು ಕೊಟ್ಟು ಕಳಿಸಿದ್ದು ತೆಳುವಾದ ಸ್ಕರ್ಟಿಂಗ್. ಹತ್ತು ಮಿಲಿಮೀಟರ್ ಬಿಟ್ಟರೆ ಅದು ಮುಚ್ಚುತ್ತಿರಲಿಲ್ಲ, ಕಿಂಡಿ ಕಾಣುತ್ತಿತ್ತು, 'ಫಿನಿಶಿಂಗ್ ಸರಿ ಇಲ್ಲ' ಅಂತ ನಾವೇ ಗಲಾಟೆ ಮಾಡುತ್ತಿದ್ದೆವು. ಪಾಲಿಥಿನ್ ಹಾಳೆ ಅವನ ಗಾಡಿಗೆ ಹಾಕಿಯೇ ಇರಲಿಲ್ಲ. ಅವನಿಗೆ ಸಿಗುವುದು ಅಡಿಗೆ 12 ರೂಪಾಯಿ, ದಿನಗೂಲಿಯಲ್ಲ. ನೆಲ ಮಟ್ಟ ಮಾಡುತ್ತ ಕೂತರೆ ಆ ಹೊತ್ತಿಗೆ ಕಾಸಿಲ್ಲ. ಎರಡು ದಿನ ಪೆಟ್ಟಿಗೆ ಇಟ್ಟು ಬರೋಣ ಅಂದರೆ ಎರಡು ಸಲ ಬರುವ ಪೆಟ್ರೋಲ್ ಯಾರು ಕೊಡುತ್ತಾರೆ? 'ಅಣ್ಣಾ, ನಾನ್ ಹಾಕಿದ ನೆಲ ನಂಗೇ ಗೊತ್ತು ಏಳ್ತದೆ ಅಂತ. ನೀವ್ ದುಡ್ಡು ಕೊಟ್ರಲ್ಲ ಎಕ್ಸ್‌ಟ್ರಾ, ಅವತ್ತು ನಾಚ್ಕೆ ಆಯ್ತು' ಅಂದ.

ನಮ್ಮ ಅಭಿಪ್ರಾಯ ಬದಲಾದದ್ದು ಆ ಫೋನಿನಲ್ಲಿ. 'ಕಳಪೆ ಕಾಮಗಾರಿ' ಅನ್ನುವ ಪದವನ್ನು ಬರೆದಾಗಲೆಲ್ಲ ಓದುಗರ ಕಣ್ಣಿಗೆ ಬರುವುದು ಕರಣೆ ಹಿಡಿದ, ಸುತ್ತಿಗೆ ಹಿಡಿದ ಕೈ. ಕೆಲಸ ಬಾರದವನು, ಸೋಮಾರಿ, ಹೊರಗಿನವನು. ನಮ್ಮ ಮನೆಯ ನೆಲದ ಕಳಪೆತನ ಆ ಹುಡುಗನ ಕೈಯಲ್ಲಿ ಹುಟ್ಟಿದ್ದಲ್ಲ. ಯಾವ ಸ್ಕರ್ಟಿಂಗ್ ಕಳಿಸಬೇಕು, ಹಾಳೆಯ ಖರ್ಚು ಉಳಿಸಬೇಕೋ ಬೇಡವೋ, ಕೂಲಿಯನ್ನು ಅಡಿ ಲೆಕ್ಕದಲ್ಲಿ ಕೊಡಬೇಕೋ ದಿನದ ಲೆಕ್ಕದಲ್ಲೋ ಅನ್ನುವುದು ಅಂಗಡಿಯ ಗಲ್ಲಾದಲ್ಲಿ ತೀರ್ಮಾನವಾಗಿತ್ತು. ಅವನು ಅದನ್ನು ತಂದು ನಮ್ಮ ಕೋಣೆಯಲ್ಲಿ ಜೋಡಿಸಿ ಹೋದ, ಅಷ್ಟೆ. ಅಂಗನವಾಡಿಯ ಟೈಲ್ಸ್ ಎದ್ದ ಸುದ್ದಿಯನ್ನು ಬರೆದಾಗಲೂ ಇಷ್ಟು ಕೇಳಿದ್ದರೆ? ಟೈಲ್ಸ್ ಕೆಳಗೆ ಗಾರೆ ಪೂರ್ತಿ ಇತ್ತೇ, ನಾಲ್ಕು ಮೂಲೆಗೆ ನಾಲ್ಕು ಮುದ್ದೆ ಇಟ್ಟು ಕೂರಿಸಿದ್ದರೇ, ಅಂದಾಜುಪಟ್ಟಿಯಲ್ಲಿ ಎಷ್ಟು ದಪ್ಪ ಬರೆದಿತ್ತು, ಉಪಗುತ್ತಿಗೆ ಎಷ್ಟು ಕೈ ದಾಟಿ ಬಂದಿತ್ತು, ಕೊನೆಯ ಕೈಗೆ ಚದರ ಅಡಿಗೆ ಎಷ್ಟು ಉಳಿದಿತ್ತು? ಇವತ್ತಿನವರೆಗೆ ನಮ್ಮ ಒಂದೇ ಒಂದು ಕಳಪೆ ಕಾಮಗಾರಿ ವರದಿಯಲ್ಲಿ ಒಂದು ಅಳತೆ ಇಲ್ಲ. ಆಕ್ರೋಶ ಇದೆ, ಮಿಲಿಮೀಟರ್ ಇಲ್ಲ. ಅಳತೆ ಇಲ್ಲದ ಆರೋಪವನ್ನು ಅಲ್ಲಗಳೆಯುವುದು ಗುತ್ತಿಗೆದಾರರಿಗೆ ಎಷ್ಟು ಹೊತ್ತಿನ ಕೆಲಸ? 'ನೀರು ಉಯ್ದು ತೊಳೆದಿದ್ದೀರಿ' ಅಂದರೆ ಮುಗಿಯಿತು.

ಕಲಿಕೆಯ ವಿಷಯವೂ ಇದೆ. ಮರಗೆಲಸದ ತರಬೇತಿ ಐಟಿಐಗಳಲ್ಲಿ ಇದೆ. ಮರದ ಗುಣ, ತೇವಾಂಶ, ಹದ ಮಾಡುವ ಕ್ರಮ ಇವನ್ನೆಲ್ಲ ಅಧ್ಯಯನ ಮಾಡುವ ಕೇಂದ್ರ ಸರ್ಕಾರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಬೆಂಗಳೂರಿನ ಮಲ್ಲೇಶ್ವರದಲ್ಲೇ ಇದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ನಿರ್ಮಾಣ ವೆಚ್ಚದ ಶೇ 1ರಷ್ಟು ಸೆಸ್ ಹೋಗುತ್ತದೆ. ಆದರೆ ಗೂಡಲೂರಿನ ಆ ಹುಡುಗ ಕೆಲಸ ಕಲಿತದ್ದು ಯೂಟ್ಯೂಬ್ ನೋಡಿ ಮತ್ತು ಇನ್ನೊಬ್ಬನ ಹಿಂದೆ ಹಲಗೆ ಹೊತ್ತು. ಕಲಿತದ್ದನ್ನು ಮಾಡಲಿಕ್ಕೂ ಬಿಡುವುದಿಲ್ಲ ಅನ್ನುವುದು ಬೇರೆ ಮಾತು.

ಇನ್ನು ಕಾನೂನಿನ ದಾರಿ. ಇದನ್ನು ವಿವರವಾಗಿ ಬರೆಯುವುದಕ್ಕೆ ಕಾರಣವಿದೆ. ಮಾರ್ಚ್ 15ರ ವಿಶ್ವ ಗ್ರಾಹಕರ ಹಕ್ಕುಗಳ ದಿನ, ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕರ ದಿನ ಎರಡಕ್ಕೂ ನಾವು ಹೋಗುತ್ತೇವೆ. ದೀಪ ಬೆಳಗುವ ಫೋಟೊ ತೆಗೆಯುತ್ತೇವೆ, 'ಗ್ರಾಹಕರು ಜಾಗೃತರಾಗಬೇಕು' ಅಂತ ಕೊಟ್ಟು ಬರುತ್ತೇವೆ. ಹೇಗೆ ಜಾಗೃತರಾಗಬೇಕು ಅಂತ ಒಂದು ಸಾಲೂ ಇರುವುದಿಲ್ಲ. ಆಯೋಗ ಕೊಟ್ಟ ತೀರ್ಪುಗಳನ್ನು ಹುಡುಕಿ ಬರೆದದ್ದಂತೂ ನೆನಪಿಲ್ಲ, ಯಾಕಂದರೆ ತೀರ್ಪಿನಲ್ಲಿ ಸೋತ ಅಂಗಡಿ ಎಷ್ಟೋ ಸಲ ಜಾಹೀರಾತುದಾರರೇ ಆಗಿರುತ್ತಾರೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ದೂರು ಜಿಲ್ಲಾ ಆಯೋಗಕ್ಕೆ, ಅಂದರೆ ನಮಗೆ ಚಾಮರಾಜನಗರಕ್ಕೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೇ ಇಲ್ಲ. ವಕೀಲರನ್ನು ಇಟ್ಟುಕೊಳ್ಳಬೇಕು ಅಂತಿಲ್ಲ, ನಾವೇ ವಾದಿಸಬಹುದು. ಅಂಗಡಿ ಮೈಸೂರಿನಲ್ಲಿರಲಿ, ಕೋಯಿಕ್ಕೋಡಿನಲ್ಲಿರಲಿ, ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಗಡಿ ತಾಲ್ಲೂಕಿನ ನಮಗೆ ಇದು ದೊಡ್ಡ ಅನುಕೂಲ, ಇಲ್ಲಿ ಅರ್ಧ ಸಾಮಾನು ಕೇರಳದಿಂದಲೇ ಬರುವುದು. ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು. ಎದುರು ಪಕ್ಷದವರು ಉತ್ತರ ಸಲ್ಲಿಸಲು 30 ದಿನ, ಆಯೋಗ ಒಪ್ಪಿದರೆ ಇನ್ನೂ 15 ದಿನ. ಅದಕ್ಕೂ ಮೀರಿ ಕೊಡುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ 2020ರಲ್ಲಿ ಹಳೆಯ ಕಾಯ್ದೆಯ ಇಂಥದೇ ನಿಯಮದ ಬಗ್ಗೆ ಹೇಳಿದೆ. ಆನ್‌ಲೈನ್‌ನಲ್ಲಿ ಮೊದಲು ಇ-ದಾಖಿಲ್ ಇತ್ತು, 2025ರ ಜನವರಿಯಿಂದ ಇ-ಜಾಗೃತಿ ಬಂದಿದೆ. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯವರು ಅಂಗಡಿಯವರನ್ನು ಸಂಪರ್ಕಿಸಿ ರಾಜಿಗೆ ನೋಡುತ್ತಾರೆ.

ಎರಡು ವಿಷಯ ನಮ್ಮ ಕಣ್ಣು ತೆರೆಸಿದವು. ಆ ಮೂವರೂ ಒಬ್ಬರ ಬೆನ್ನ ಹಿಂದೆ ಒಬ್ಬರು ನಿಲ್ಲುತ್ತಾರಲ್ಲ, ಹೊಸ ಕಾಯ್ದೆಯಲ್ಲಿ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯವೇ ಇದೆ. ತಯಾರಕರು, ಮಾರಾಟಗಾರರು, ಸೇವೆ ಕೊಟ್ಟವರು ಮೂವರನ್ನೂ ಎದುರುದಾರರನ್ನಾಗಿ ಹೆಸರಿಸಬಹುದು, ಯಾರ ಪಾಲು ಎಷ್ಟು ಅನ್ನುವುದನ್ನು ಆಯೋಗ ನೋಡುತ್ತದೆ. ಇನ್ನೊಂದು, ಬಿಲ್ ಕೊಡದಿರುವುದೇ ಈ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಕಚ್ಚಾ ಚೀಟಿ ಇದೆ, ಇನ್ನು ಕೇಸ್ ಹಾಕುವ ಹಾಗಿಲ್ಲ ಅಂತ ನಾವು ಕೈಚೆಲ್ಲಿ ಕೂತಿದ್ದೆವು. ಅದೃಷ್ಟಕ್ಕೆ ದುಡ್ಡು ಫೋನ್‌ಪೇನಲ್ಲಿ ಹಾಕಿದ್ದೆವು. ಅಂಗಡಿಯವರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದ ಹಲಗೆಯ ಫೋಟೊ, ದರ, 'ನಾಳೆ ಹುಡುಗ್ರು ಬತ್ತಾರೆ' ಅನ್ನುವ ವಾಯ್ಸ್ ಮೆಸೇಜ್ ಎಲ್ಲ ಹಾಗೇ ಇದ್ದವು. ಉಬ್ಬಿದ ನೆಲದ ಫೋಟೊವನ್ನು ಸ್ಕೇಲ್ ಇಟ್ಟು, ಅವತ್ತಿನ ಪತ್ರಿಕೆ ಇಟ್ಟು ತೆಗೆದೆವು. ಮೂಲೆಯಲ್ಲಿ ಪೋಸ್ಟ್‌ಕಾರ್ಡ್ ತೂರದಿರುವ ವಿಡಿಯೊ ಮಾಡಿದೆವು. ಪೆಟ್ಟಿಗೆಯೊಳಗಿನ ಸೂಚನೆಯ ಕಾಗದವನ್ನು ಮನೆಯವರು ಎಸೆಯದೆ ಇಟ್ಟಿದ್ದರು, ಇಡೀ ಕಡತದಲ್ಲಿ ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ಅವ್ವನ ಮಣಿಕಟ್ಟಿನ ಎಕ್ಸ್‌ರೇ ಚೀಟಿಯೂ ಸೇರಿತು.

ನೋಟಿಸನ್ನು ನಾವೇ ಬರೆದೆವು, ಒಂದೂವರೆ ಪುಟ. ಪತ್ರಿಕೆಯ ಹೆಸರು, ಹುದ್ದೆ ಯಾವುದೂ ಇಲ್ಲ. ಇಂಥ ದಿನ ಇಷ್ಟು ಕೊಟ್ಟಿದ್ದೇವೆ, ಇಂತಿಂಥ ನಾಲ್ಕು ದೋಷ, 15 ದಿನದೊಳಗೆ ಸರಿಪಡಿಸಿ ಅಥವಾ ದುಡ್ಡು ವಾಪಸ್ ಕೊಡಿ. ಸ್ಪೀಡ್ ಪೋಸ್ಟ್‌ನಲ್ಲಿ ಅಂಗಡಿಗೊಂದು, ಕಂಪನಿಗೊಂದು. ಹೂವಿನ ವ್ಯಾಪಾರದವರ ನೋಟಿಸನ್ನೂ ಅದೇ ಮೇಜಿನ ಮೇಲೆ ಬರೆದದ್ದು. ಅವರದು ನಮ್ಮದಕ್ಕಿಂತ ಚೆನ್ನಾಗಿತ್ತು, ಯಾಕಂದರೆ ಅವರು ಪಕ್ಕಾ ಬಿಲ್ ಕೇಳಿ ತೆಗೆದುಕೊಂಡಿದ್ದರು!

ಹನ್ನೆರಡನೇ ದಿನ ಅಂಗಡಿ ಮಾಲೀಕರು ಮನೆಗೆ ಬಂದರು. ಕಾಫಿ ಕುಡಿದರು. 'ಮೊದ್ಲೇ ಹೇಳ್ಬಾರ್ದಾಗಿತ್ತಾ, ನಮ್ಮೋರೇ ಅಲ್ವಾ ಸಾ' ಅಂದರು. ನಾಲ್ಕು ಸಲ ಹೇಳಿದ್ದೆವು. ಕೊನೆಗೆ ಒಪ್ಪಿದ್ದು, ಎರಡೂ ಮನೆಯ ನೆಲ ಕಿತ್ತು, ತಗ್ಗು ತುಂಬಿ, ಹಾಳೆ ಹಾಸಿ, ದಪ್ಪ ಸ್ಕರ್ಟಿಂಗ್ ಹಾಕಿ ಮತ್ತೆ ಕೂರಿಸಿಕೊಡುವುದು. ಕೂರಿಸಲು ಬರುವವರಿಗೆ ಅಡಿ ಲೆಕ್ಕವಲ್ಲ, ದಿನದ ಕೂಲಿ ಕೊಡಬೇಕು ಅಂತ ನಾವು ಹಟ ಹಿಡಿದೆವು. ಅದು ನಿಮಗೆ ಸಂಬಂಧಪಟ್ಟ ವಿಷಯ ಅಲ್ಲ ಅಂದರು. ಸಂಬಂಧಪಟ್ಟಿದೆ ಅಂದೆವು. ಒಪ್ಪಿದರೋ ಇಲ್ಲವೋ ಹೇಳದೆ ಎದ್ದು ಹೋದರು.

ಬಂದದ್ದು ಅದೇ ಗೂಡಲೂರಿನ ಹುಡುಗ. ಈ ಸಲ ಮೂರು ದಿನ ತೆಗೆದುಕೊಂಡ. ಮೊದಲು ನಾಲ್ಕೂ ಗೋಡೆಯ ಪಕ್ಕ ಹಲಗೆಯ ಅಂಚನ್ನು ಕೊಯ್ದ. ಕೊಯ್ದ ಅರ್ಧ ಗಂಟೆಗೆ ನಡುಕೋಣೆಯ ಉಬ್ಬು ತಾನಾಗೇ ಕೂತಿತು, ಉಸಿರು ಬಿಟ್ಟ ಹಾಗೆ ಒಂದು ಸದ್ದಾಯಿತು. ಆಮೇಲೆ ಎಲ್ಲ ಬಿಚ್ಚಿ ಗೋಡೆಗೆ ಒರಗಿಸಿ, ಗಟ್ಟಿಯಾಗುವವರೆಗೆ ಕಾದು, ಮರದ ಬೆಣೆ ಇಟ್ಟು ಅಳೆದು ಜೋಡಿಸಿದ. ದಿನಗೂಲಿ ಸಿಕ್ಕಿತಾ ಅಂತ ಕೇಳಿದೆವು. ಎರಡು ದಿನದ್ದು ಸಿಕ್ಕಿದೆ, ಮೂರನೆಯದಕ್ಕೆ ಕೇಳಿದರೆ ಮುಂದಿನ ಕೆಲಸದಲ್ಲಿ ನೋಡೋಣ ಅಂದರಂತೆ.

ಅಂಚು ಊದಿದ 11 ಹಲಗೆ ಮಾತ್ರ ಸರಿಹೋಗಲಿಲ್ಲ. ಊದಿದ ಎಚ್‌ಡಿಎಫ್ ಮತ್ತೆ ಕುಗ್ಗುವುದಿಲ್ಲ. ಆ ಬಣ್ಣ ಈಗ ಬರುತ್ತಿಲ್ಲ ಅಂತ ಅಂಗಡಿಯವರು, ಗೋದಾಮಿನಲ್ಲಿ ನೋಡಿ ಹೇಳುತ್ತೇವೆ ಅಂತ ಕಂಪನಿಯವರು. ಆ ಹಲಗೆಗಳ ಬೆಲೆಗೆ ಮತ್ತು ಅವ್ವನ ಆಸ್ಪತ್ರೆಯ ಖರ್ಚಿಗೆ ದೂರು ಸಿದ್ಧವಾಗಿದೆ. ತೆರಕಣಾಂಬಿ ಮೇಲಿನ ಬಸ್ಸಿಗೆ ಚಾಮರಾಜನಗರಕ್ಕೆ ಹೋಗಿ ಬಂದರೆ ಒಂದು ದಿನದ ಸುದ್ದಿ ಹೋಯಿತು ಅಂತಲೇ ಲೆಕ್ಕ, ಅದಕ್ಕೇ ಇ-ಜಾಗೃತಿಯಲ್ಲೇ ಹಾಕುತ್ತಿದ್ದೇವೆ.

ದೀಪಾವಳಿಗೆ ಆ ಅಂಗಡಿಯ ಜಾಹೀರಾತು ಬರಲಿಲ್ಲ. ಟಾರ್ಗೆಟ್ ಕಡಿಮೆಯಾಯಿತಲ್ಲ ಅಂತ ಜಾಹೀರಾತು ವಿಭಾಗದವರು ಫೋನ್ ಮಾಡಿ ಕೇಳಿದರು, ನಡೆದದ್ದನ್ನು ಹೇಳಿದೆವು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ, 'ನಮ್ಮ ಮನೇಲೂ ಹಾಕ್ಸಿದೀವಿ, ಸುತ್ತ ಎಷ್ಟು ಗ್ಯಾಪ್ ಇರ್ಬೇಕು ಅಂದ್ರಿ?' ಅಂತ ಕೇಳಿದರು.